ಪೆಟ್ಟಿಗೆ ಸೇರಿದ ಏಳು ಪುಸ್ತಕಗಳು: ಟೂಸಾನ್ ಶಾಲೆಗಳ ಒಂದು ಪ್ರಕರಣ

2012ರ ಜನವರಿ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಊರು. ಅಲ್ಲಿನ ಕೆಲವು ಹೈಸ್ಕೂಲುಗಳಲ್ಲಿ ತರಗತಿಯ ಕಪಾಟಿನಿಂದ ಪುಸ್ತಕಗಳನ್ನು ತೆಗೆದು ಪೆಟ್ಟಿಗೆಗೆ ತುಂಬಿದರು. ಕೆಲವು ಕಡೆ ಮಕ್ಕಳ ಕಣ್ಣೆದುರೇ ತುಂಬಿದರು. ಒಟ್ಟು ಏಳು ಪುಸ್ತಕ. ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರಿ ಅವರದ್ದು ಒಂದು. ಕೊಲಂಬಸ್ ಬಂದಿಳಿದ ಕಥೆಯನ್ನು ಮೂಲನಿವಾಸಿಗಳ ಕಡೆಯಿಂದ ನೋಡುವ ಪುಸ್ತಕ ಇನ್ನೊಂದು. ಉಳಿದವು ಹೆಚ್ಚಾಗಿ ಮೆಕ್ಸಿಕನ್ ಮೂಲದ ಅಮೆರಿಕನ್ನರ ಚರಿತ್ರೆ ಮತ್ತು ಹೋರಾಟಗಳ ಬಗ್ಗೆ ಇದ್ದವು. ಇದು ನಿಷೇಧ ಅಲ್ಲ, ಗೋದಾಮಿನಲ್ಲಿ ಇಟ್ಟಿದ್ದೇವೆ ಅಷ್ಟೆ, ಲೈಬ್ರರಿಯಲ್ಲಿ ಪ್ರತಿಗಳಿವೆ ಎಂದು ಶಾಲಾ ಆಡಳಿತ ಹೇಳಿತು. ನಿನ್ನೆಯ ತನಕ ಕೈಯಲ್ಲಿ ಹಿಡಿದು ಓದುತ್ತಿದ್ದ ಪುಸ್ತಕ ಇವತ್ತು ಪೆಟ್ಟಿಗೆಗೆ ಹೋಗುವುದನ್ನು ನೋಡಿದ ಮಗುವಿಗೆ ಈ ಎರಡು ಮಾತಿನ ನಡುವಿನ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ಶಾಲೆಯ ಪಾಠದಲ್ಲಿ ಯಾರು ಇರಬೇಕು, ಯಾರ ಕಥೆ ಬರಬೇಕು ಅನ್ನುವ ಜಗಳ ಎಲ್ಲ ದೇಶಗಳಲ್ಲೂ ಇದೆ. ಅಮೆರಿಕದಲ್ಲಿ ಇದಕ್ಕೆ ಎಥ್ನಿಕ್ ಸ್ಟಡೀಸ್ ಎಂಬ ಹೆಸರಿನ ಒಂದು ಪಾಠವೇ ಇದೆ. ಕಪ್ಪು ಜನ, ಮೂಲನಿವಾಸಿಗಳು, ಮೆಕ್ಸಿಕೋ ಮೂಲದವರು, ಏಷ್ಯಾದಿಂದ ಹೋದವರು, ಹೀಗೆ ಮುಖ್ಯ ಪಠ್ಯದಲ್ಲಿ ಒಂದೆರಡು ಸಾಲಿಗೆ ಮುಗಿದುಹೋಗುವ ಸಮುದಾಯಗಳ ಚರಿತ್ರೆ, ಸಾಹಿತ್ಯ, ಬದುಕನ್ನು ಗಮನ ಕೊಟ್ಟು ಓದುವುದು ಇದರ ಕೆಲಸ. ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನ ವಿದ್ಯಾರ್ಥಿಗಳು 1968ರ ನವೆಂಬರ್‌ನಿಂದ 1969ರ ಮಾರ್ಚ್ ತನಕ ಮುಷ್ಕರ ಹೂಡಿ ಇದನ್ನು ಪಡೆದುಕೊಂಡರು. ಕಾಲೇಜಿನಿಂದ ಶಾಲೆಗೆ ಇಳಿದು ಬರಲು ಬಹಳ ವರ್ಷ ಹಿಡಿಯಿತು. ಬಂದಾಗ ಏನಾಯಿತು ಅನ್ನುವುದಕ್ಕೆ ಟೂಸಾನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಪಾಠ ನಡೆಯಿತು, ಫಲ ಸಿಕ್ಕಿತು, ಅದನ್ನು ಮುಚ್ಚಿದರು, ಕೋರ್ಟಿಗೆ ಹೋಯಿತು, ಎಲ್ಲವೂ ದಾಖಲೆಯಲ್ಲಿದೆ.

ಗಡಿ ಜರುಗಿದ ಊರು

ಊರಿನ ಹಿನ್ನೆಲೆ ತಿಳಿಯದೆ ಈ ಜಗಳ ಅರ್ಥವಾಗುವುದಿಲ್ಲ. ಟೂಸಾನ್‌ನಲ್ಲಿ ಸ್ಪೇನಿನವರು ಕೋಟೆ ಕಟ್ಟಿದ್ದು 1775ರಲ್ಲಿ. ಅದಕ್ಕೂ ಎಷ್ಟೋ ಮುಂಚೆಯಿಂದ ಅಲ್ಲಿ ಟೊಹೊನೊ ಓಡಮ್ ಜನ ಇದ್ದರು. ಆಮೇಲೆ ಅದು ಮೆಕ್ಸಿಕೋ ಆಯಿತು. 1848ರ ಯುದ್ಧದ ಒಪ್ಪಂದದಲ್ಲಿ ಮೆಕ್ಸಿಕೋ ತನ್ನ ಉತ್ತರದ ದೊಡ್ಡ ಭಾಗವನ್ನು ಕಳೆದುಕೊಂಡಿತು. ಟೂಸಾನ್ ಇರುವ ತುಂಡನ್ನು ಅಮೆರಿಕ ಆಮೇಲೆ ಹಣ ಕೊಟ್ಟು ಕೊಂಡಿತು. ಆ ಒಪ್ಪಂದಕ್ಕೆ ಸಹಿ ಬಿದ್ದದ್ದು 1853ರ ಕೊನೆಯಲ್ಲಿ. ಅಲ್ಲಿದ್ದ ಜನ ಎಲ್ಲಿಗೂ ಹೋಗಲಿಲ್ಲ. ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು ಎಂದು ಅಲ್ಲಿನವರು ಹೇಳುವುದು ಇದಕ್ಕೇ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಕೇರಳದ ಪಾಲಿಗೆ ಹೋದ ಕಾಸರಗೋಡಿನ ಕನ್ನಡಿಗರನ್ನು ಬಲ್ಲವರಿಗೆ ಈ ಮಾತು ಬೇಗ ತಟ್ಟುತ್ತದೆ.

ಅಂಥ ಊರಿನ ಶಾಲೆಗಳಲ್ಲಿ 1919ರಿಂದ 1965ರ ತನಕ ಒಂದು ಏರ್ಪಾಡು ಇತ್ತು. ಅದಕ್ಕೆ ಒನ್ ಸಿ ಎಂದು ಹೆಸರು. ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವ ಮಕ್ಕಳನ್ನು ಒಂದನೇ ತರಗತಿಗೂ ಮುಂಚೆ ಬೇರೆ ಕೂರಿಸಿ ಇಂಗ್ಲಿಷ್ ಕಲಿಸುತ್ತಿದ್ದರು. ಮಕ್ಕಳು ಒಂದು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಂದೆ ಬೀಳುತ್ತಿದ್ದರು. ಶಾಲೆಯಲ್ಲಿ ಸ್ಪ್ಯಾನಿಷ್ ಆಡಿದರೆ ಶಿಕ್ಷೆ. ಇಂಗ್ಲಿಷ್ ಬಿಟ್ಟು ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳನ್ನು ನೋಡಿದ ನಮಗೆ ಆ ಮಕ್ಕಳ ಮುಖ ಕಲ್ಪಿಸಿಕೊಳ್ಳುವುದು ಕಷ್ಟವೇನಲ್ಲ. 1966ರಲ್ಲಿ ಅಮೆರಿಕದ ಶಿಕ್ಷಕರ ಸಂಘ ಈ ಮಕ್ಕಳ ಬಗ್ಗೆ ಒಂದು ಸಮೀಕ್ಷಾ ವರದಿ ತಂದಿತು. ಅದಕ್ಕೆ ಇಟ್ಟ ಹೆಸರೇ ‘ಕಣ್ಣಿಗೆ ಕಾಣದ ಅಲ್ಪಸಂಖ್ಯಾತರು’ ಎಂಬ ಅರ್ಥದ್ದು.

1974ರಲ್ಲಿ ಕಪ್ಪು ಮತ್ತು ಮೆಕ್ಸಿಕನ್ ಮೂಲದ ಕುಟುಂಬಗಳು ಕೋರ್ಟಿಗೆ ಹೋದವು. ಶಾಲೆಗಳು ನಮ್ಮ ಮಕ್ಕಳನ್ನು ಬೇರೆ ಮಾಡಿ ಇಟ್ಟಿವೆ ಎಂಬುದು ದೂರು. 1978ರಲ್ಲಿ ರಾಜಿ ಒಪ್ಪಂದ ಆಯಿತು. ಅದರ ಮೇಲೆ ಕೋರ್ಟಿನ ಕಣ್ಣು ಹಲವು ದಶಕ ಉಳಿಯಿತು. ಈ ಹಿನ್ನೆಲೆಯಲ್ಲಿ, ಊರಿನ ಜನರ ಒತ್ತಾಯದಿಂದ, 1998ರಲ್ಲಿ ಟೂಸಾನ್ ಶಾಲಾ ಜಿಲ್ಲೆಯಲ್ಲಿ, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತದಲ್ಲಿ, ಮೆಕ್ಸಿಕನ್ ಅಮೆರಿಕನ್ ಅಧ್ಯಯನದ ವಿಭಾಗ ಶುರುವಾಯಿತು. ಅಲ್ಲಿನ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮೆಕ್ಸಿಕನ್ ಮೂಲದವರೇ. ಅಂದರೆ ಶಾಲೆ ತುಂಬ ಅವರೇ ಇದ್ದರು. ಪುಸ್ತಕದಲ್ಲಿ ಮಾತ್ರ ಇರಲಿಲ್ಲ.

ಆ ತರಗತಿಯಲ್ಲಿ ಏನು ನಡೆಯುತ್ತಿತ್ತು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಈ ವಿಷಯದ ಬಗ್ಗೆ ಜೋರಾಗಿ ಮಾತಾಡಿದ ಹೆಚ್ಚಿನವರು ತರಗತಿಯ ಬಾಗಿಲ ಹತ್ತಿರ ಕೂಡ ಹೋಗಿರಲಿಲ್ಲ.

ಹೈಸ್ಕೂಲಿನ ಕೊನೆಯ ಎರಡು ವರ್ಷಗಳಲ್ಲಿ ಈ ಪಾಠಗಳನ್ನು ಆಯ್ದುಕೊಳ್ಳಬಹುದಿತ್ತು. ಅಮೆರಿಕದ ಚರಿತ್ರೆ, ಸರ್ಕಾರ, ಸಾಹಿತ್ಯ, ಕಲೆ. ಇವು ಶಾಲೆ ಬಿಟ್ಟ ಮೇಲೆ ನಡೆಸುವ ಹೆಚ್ಚುವರಿ ಕ್ಲಾಸುಗಳಲ್ಲ. ಸಾಮಾನ್ಯ ಅಮೆರಿಕನ್ ಚರಿತ್ರೆಯ ಬದಲು ಇದನ್ನು ತೆಗೆದುಕೊಂಡರೆ ಅದೇ ಅಂಕ, ಅದೇ ಲೆಕ್ಕ. ಯಾವ ಮಗು ಬೇಕಾದರೂ ಸೇರಬಹುದಿತ್ತು. ಬಿಳಿಯ ಮಕ್ಕಳು, ಕಪ್ಪು ಮಕ್ಕಳು, ಮೂಲನಿವಾಸಿ ಮಕ್ಕಳೂ ಸೇರಿದ್ದರು. ಬಹುಪಾಲು ಮಾತ್ರ ಮೆಕ್ಸಿಕನ್ ಮೂಲದವರು.

ಟೂಸಾನ್ ಹೈಸ್ಕೂಲಿನಲ್ಲಿ ಸಾಹಿತ್ಯ ಕಲಿಸುತ್ತಿದ್ದ ಕರ್ಟಿಸ್ ಅಕೋಸ್ಟಾ ಅವರ ತರಗತಿ ಒಂದು ಮಾಯಾ ಮಾತಿನಿಂದ ಶುರುವಾಗುತ್ತಿತ್ತು. ‘ಇನ್ ಲಾಕ್ ಎಚ್’. ನೀನೆಂದರೆ ನನ್ನದೇ ಇನ್ನೊಂದು ರೂಪ ಎಂದು ಅರ್ಥ. ಎಲ್ಲರೂ ಒಟ್ಟಿಗೆ ಹೇಳುತ್ತಿದ್ದರು. ಆಮೇಲೆ ಚಪ್ಪಾಳೆ. ಮೊದಲು ನಿಧಾನ, ಬರುಬರುತ್ತಾ ಜೋರು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುತ್ತಿದ್ದ ಮೆಕ್ಸಿಕನ್ ಮತ್ತು ಫಿಲಿಪಿನೋ ಕೂಲಿಗಳಿಗೆ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ, ಅದಕ್ಕೆ ಅವರು ಚಪ್ಪಾಳೆಯಲ್ಲೇ ಒಗ್ಗಟ್ಟು ತೋರಿಸುತ್ತಿದ್ದರು ಎಂದು ಇದರ ಹಿಂದಿನ ಕಥೆ ಹೇಳುತ್ತಾರೆ. ಇದಾದ ಮೇಲೆ ಓದು. ಸುಲಭದ ಓದೂ ಅಲ್ಲ. ಶೇಕ್ಸ್‌ಪಿಯರ್ ಬರೆದ ‘ದಿ ಟೆಂಪೆಸ್ಟ್’ ನಾಟಕವನ್ನು ಓದುತ್ತಿದ್ದರು. ದ್ವೀಪಕ್ಕೆ ಬಂದವನು ಒಡೆಯನಾಗುವುದು, ಅಲ್ಲೇ ಹುಟ್ಟಿದವನು ಆಳಾಗುವುದು, ಇದನ್ನು ತಮ್ಮ ಊರಿನ ಚರಿತ್ರೆಯ ಪಕ್ಕಕ್ಕಿಟ್ಟು ಚರ್ಚೆ ಮಾಡುತ್ತಿದ್ದರು. ಕಾಲೇಜಿನಲ್ಲಿ ಓದುವಂಥ ಪುಸ್ತಕಗಳನ್ನು ಹದಿನಾರು, ಹದಿನೇಳರ ಮಕ್ಕಳ ಕೈಗೆ ಕೊಡುತ್ತಿದ್ದರು. ನಿನಗೆ ಇದು ಆಗುತ್ತದೆ ಎಂಬ ನಂಬಿಕೆಯಿಂದ ಕೊಡುತ್ತಿದ್ದರು.

ನನಗೆ ಈ ಪ್ರಕರಣದಲ್ಲಿ ಮುಖ್ಯವಾಗಿ ಕಾಣುವುದು ಇದೇ. ಪಠ್ಯದಲ್ಲಿ ಪ್ರಾತಿನಿಧ್ಯ ಅಂದರೆ ಹಬ್ಬದ ದಿನ ಒಂದು ವೇಷ, ಒಂದು ತಿಂಡಿ, ಪುಟದ ಮೂಲೆಯಲ್ಲಿ ಒಂದು ಫೋಟೋ ಎಂದು ಬಹಳ ಜನ ತಿಳಿದಿದ್ದಾರೆ. ಟೂಸಾನ್‌ನಲ್ಲಿ ನಡೆದದ್ದು ಬೇರೆ. ಮಗು ಮನೆಯಿಂದ ತಂದ ತಿಳಿವಳಿಕೆ ಅಲ್ಲಿ ಪಾಠಕ್ಕೆ ಬೇಕಾದ ಸಾಮಗ್ರಿ ಆಯಿತು. ನಮ್ಮ ಅಜ್ಜಿಗೆ ಶಾಲೆಯಲ್ಲಿ ಯಾಕೆ ಹೊಡೆದರು? ಈ ಬೀದಿಗೆ ಈ ಹೆಸರು ಹೇಗೆ ಬಂತು? ನಮ್ಮ ಕಡೆಯವರು ತಾಮ್ರದ ಗಣಿಯಲ್ಲೇ ಯಾಕೆ ದುಡಿದರು? ಇಂಥ ಪ್ರಶ್ನೆ ಇರುವ ಮಗು ಅದರ ಉತ್ತರ ಹುಡುಕಲು ಓದುತ್ತದೆ. ಓದಿದರೆ ಇಂಗ್ಲಿಷ್ ಬರುತ್ತದೆ, ಬರವಣಿಗೆ ಬರುತ್ತದೆ, ಪರೀಕ್ಷೆಯೂ ಪಾಸಾಗುತ್ತದೆ.

ಪಾಸಾಯಿತು ಕೂಡ. ಅರಿಜೋನಾ ವಿಶ್ವವಿದ್ಯಾಲಯದ ನೋಲನ್ ಕಬ್ರೇರಾ ಮತ್ತು ಜೊತೆಗಾರರು ಈ ಶಾಲೆಗಳ ಅಂಕಿ ಅಂಶ ಹಿಡಿದು ಲೆಕ್ಕ ಹಾಕಿದರು. ಅವರ ಅಧ್ಯಯನ 2014ರಲ್ಲಿ ಅಮೆರಿಕದ ಶಿಕ್ಷಣ ಸಂಶೋಧನೆಯ ಒಂದು ಮುಖ್ಯ ಪತ್ರಿಕೆಯಲ್ಲಿ ಬಂತು. ಈ ತರಗತಿಗಳಿಗೆ ಸೇರುತ್ತಿದ್ದ ಮಕ್ಕಳು ಸೇರುವ ಮುಂಚೆ ಬೇರೆ ಮಕ್ಕಳಿಗಿಂತ ಓದಿನಲ್ಲಿ ಹಿಂದಿದ್ದರು. ಒಂಬತ್ತು, ಹತ್ತನೇ ತರಗತಿಯ ಅಂಕಗಳು ಹಾಗೆ ಹೇಳುತ್ತವೆ. ಆದರೆ ಇದನ್ನು ಓದಿದ ಮೇಲೆ, ಮೊದಲು ಫೇಲಾಗಿದ್ದ ರಾಜ್ಯ ಮಟ್ಟದ ಪರೀಕ್ಷೆಯನ್ನು ಪಾಸು ಮಾಡುವ ಸಾಧ್ಯತೆ, ಹೈಸ್ಕೂಲು ಮುಗಿಸುವ ಸಾಧ್ಯತೆ ಎರಡೂ ಇವರಲ್ಲಿ ಜಾಸ್ತಿ ಇತ್ತು. ಓದಿನ ಮೇಲೆ ಆಸೆ ಇದ್ದವರೇ ಈ ತರಗತಿಯನ್ನು ಆರಿಸಿಕೊಂಡಿರಬಹುದಲ್ಲವೇ ಎಂದು ಕೇಳಬಹುದು. ಅದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಮುಂದೆ ಬೇರೊಂದು ಊರಿನಿಂದ ಬಂತು, ಅಲ್ಲಿಗೆ ಆಮೇಲೆ ಬರುತ್ತೇನೆ.

ಬಾಯಿಗೆ ಅಂಟಿಸಿದ ಟೇಪು

ಜಗಳ ಶುರುವಾದದ್ದು ಪಾಠದಿಂದ ಅಲ್ಲ, ಒಂದು ಭಾಷಣದಿಂದ. 2006ರ ಏಪ್ರಿಲ್‌ನಲ್ಲಿ ರೈತ ಕಾರ್ಮಿಕರ ನಾಯಕಿ ಡೊಲೋರೆಸ್ ಹುಯೆರ್ಟಾ ಟೂಸಾನ್ ಹೈಸ್ಕೂಲಿಗೆ ಬಂದು ಮಾತಾಡಿದರು. ಮಾತಿನ ನಡುವೆ ರಿಪಬ್ಲಿಕನ್ ಪಕ್ಷದವರು ಲ್ಯಾಟಿನೋ ಜನರನ್ನು, ಅಂದರೆ ಮೆಕ್ಸಿಕೋದಂಥ ಲ್ಯಾಟಿನ್ ಅಮೆರಿಕ ದೇಶಗಳ ಮೂಲದವರನ್ನು, ದ್ವೇಷಿಸುತ್ತಾರೆ ಎಂದರು. ಶಾಲೆಯಲ್ಲಿ ಆಡಬೇಕಾದ ಮಾತು ಅದಾಗಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ರಾಜ್ಯದ ಶಿಕ್ಷಣ ಇಲಾಖೆಯ ಮುಖ್ಯಸ್ಥ ಟಾಮ್ ಹಾರ್ನ್ ಅವರಿಗೆ ಸಿಟ್ಟು ಬಂತು. ಅವರೂ ರಿಪಬ್ಲಿಕನ್. ಆ ಮಾತು ಸುಳ್ಳು ಎಂದು ತೋರಿಸಲು ತಮ್ಮ ಕೈಕೆಳಗಿನ ಅಧಿಕಾರಿ ಮಾರ್ಗರೆಟ್ ಗಾರ್ಸಿಯಾ ದುಗನ್ ಅವರನ್ನು ಮುಂದಿನ ತಿಂಗಳು ಅದೇ ಶಾಲೆಗೆ ಕಳಿಸಿದರು. ಆಕೆ ಲ್ಯಾಟಿನೋ ಸಮುದಾಯದವರು, ರಿಪಬ್ಲಿಕನ್ ಕೂಡ.

ಮಕ್ಕಳು ಪ್ರಶ್ನೆ ಕೇಳಬೇಕು ಎಂದರು. ಕೇಳುವಂತಿಲ್ಲ ಎಂದು ಹೇಳಲಾಯಿತು. ಆಗ ಕೆಲವು ಮಕ್ಕಳು ಬಾಯಿಗೆ ಟೇಪು ಅಂಟಿಸಿಕೊಂಡು ಕೂತರು. ಆಮೇಲೆ ಎದ್ದು, ಮುಷ್ಟಿ ಎತ್ತಿ, ಸಭೆಯಿಂದ ಹೊರಗೆ ನಡೆದರು.

ಮಕ್ಕಳು ಯಾಕೆ ಎದ್ದು ಹೋದರು ಎಂದು ಅವರನ್ನೇ ಕೇಳಬಹುದಿತ್ತು. ಹಾರ್ನ್ ಅವರು ಬೇರೆ ತೀರ್ಮಾನಕ್ಕೆ ಬಂದರು. ಈ ಒರಟುತನವನ್ನು ಮನೆಯವರು ಕಲಿಸಿದ್ದಲ್ಲ, ಆ ವಿಭಾಗದ ಮೇಷ್ಟ್ರುಗಳು ಕಲಿಸಿದ್ದು ಎಂದರು. 2007ರ ಜೂನ್‌ನಲ್ಲಿ ಟೂಸಾನ್ ನಾಗರಿಕರಿಗೆ ಬಹಿರಂಗ ಪತ್ರ ಬರೆದು ಇದನ್ನು ಮುಚ್ಚಿಸಿ ಎಂದು ಕರೆ ಕೊಟ್ಟರು. ತಾನು ಹುಡುಗನಾಗಿದ್ದಾಗ, 1963ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಅವರ ವಾಷಿಂಗ್ಟನ್ ಮೆರವಣಿಗೆಯಲ್ಲಿ ನಡೆದಿದ್ದೆ ಎಂದು ಅದರಲ್ಲಿ ನೆನಪಿಸಿಕೊಂಡರು. ಮನುಷ್ಯನನ್ನು ಅವನ ಬಣ್ಣದಿಂದ ಅಳೆಯಬಾರದು, ಮಕ್ಕಳನ್ನು ಜನಾಂಗದ ಪ್ರಕಾರ ಗುಂಪು ಮಾಡುವುದು ತಪ್ಪು, ಇದು ಅವರ ವಾದ. ಈ ವಾದವನ್ನು ಹಗುರ ಮಾಡಬಾರದು. ಪ್ರತಿ ಮಗುವೂ ಮೊದಲು ತನ್ನಷ್ಟಕ್ಕೆ ಒಂದು ಮಗು ಎಂಬುದು ನಿಜ. ಆದರೆ ಒಂದು ಮಗುವಿನ ಮನೆತನದ ನೂರೈವತ್ತು ವರ್ಷವನ್ನು ಪುಸ್ತಕದಿಂದ ಹೊರಗಿಟ್ಟು, ನಿನ್ನನ್ನು ಬರೀ ಒಬ್ಬ ವ್ಯಕ್ತಿಯಾಗಿ ನೋಡುತ್ತೇವೆ ಅಂದರೆ ಮಗುವಿಗೆ ಏನು ಸಿಕ್ಕಿತು? ಪಕ್ಕದ ಮಗುವಿನ ಮನೆತನ ಪುಟಪುಟದಲ್ಲೂ ಇರುತ್ತದಲ್ಲ.

2010ರಲ್ಲಿ ಕಾನೂನು ಬಂತು. ಆ ವರ್ಷ ಅರಿಜೋನಾದಲ್ಲಿ ವಲಸಿಗರ ವಿರುದ್ಧದ ಬಿಸಿ ಬಹಳ ಏರಿತ್ತು. ಏಪ್ರಿಲ್ 23ರಂದು ಗವರ್ನರ್ ಜ್ಯಾನ್ ಬ್ರೂವರ್ ವಲಸೆ ಬಗ್ಗೆ ಬಿಗಿ ಕಾನೂನಿಗೆ ಸಹಿ ಹಾಕಿದರು. ಮೂರು ವಾರ ತುಂಬುವುದರೊಳಗೆ, ಮೇ 11ರಂದು, ಶಾಲಾ ಪಾಠದ ಕಾನೂನಿಗೂ ಸಹಿ ಬಿತ್ತು. ಅದರ ಹೆಸರು ಎಚ್‌ಬಿ 2281. ನಾಲ್ಕು ಥರದ ಪಾಠ ಮಾಡುವಂತಿಲ್ಲ ಎಂದಿತು. ಸರ್ಕಾರವನ್ನು ಉರುಳಿಸಲು ಪ್ರೇರೇಪಿಸುವುದು, ಒಂದು ಜನಾಂಗ ಅಥವಾ ವರ್ಗದ ಮೇಲೆ ಕೆಟ್ಟ ಭಾವನೆ ಹುಟ್ಟಿಸುವುದು, ಮುಖ್ಯವಾಗಿ ಒಂದೇ ಜನಾಂಗದ ಮಕ್ಕಳಿಗಾಗಿ ಮಾಡಿದ ಪಾಠ, ಮಕ್ಕಳನ್ನು ವ್ಯಕ್ತಿಗಳಾಗಿ ಕಾಣದೆ ಜನಾಂಗದ ಒಗ್ಗಟ್ಟನ್ನು ಸಾರುವುದು. ತಪ್ಪಿದರೆ ರಾಜ್ಯ ಕೊಡುವ ಹಣದಲ್ಲಿ ತಿಂಗಳಿಗೆ ಶೇಕಡಾ 10ರ ತನಕ ಕಡಿತ. ಹೊರಗಿನಿಂದ ಓದಿದರೆ ಇಡೀ ರಾಜ್ಯಕ್ಕೆ ಅನ್ವಯಿಸುವ ಮಾತುಗಳು. ಚಾಂಡ್ಲರ್, ಫೀನಿಕ್ಸ್ ಕಡೆ ಸಾಫ್ಟ್‌ವೇರ್, ಚಿಪ್ ಕಂಪನಿಗಳಲ್ಲಿ ದುಡಿಯುವ ನಮ್ಮ ಕನ್ನಡದ ಮನೆಗಳ ಮಕ್ಕಳು ಹೋಗುವ ಸರ್ಕಾರಿ ಶಾಲೆಗಳಿಗೂ ಅದೇ ಕಾನೂನು. ಆದರೆ ಗುರಿ ಇದ್ದದ್ದು ಒಂದೇ ಊರಿನ ಒಂದೇ ವಿಭಾಗ. ಟೂಸಾನ್‌ನಲ್ಲೇ ಕಪ್ಪು ಜನರ, ಮೂಲನಿವಾಸಿಗಳ, ಏಷ್ಯನ್ ಮೂಲದವರ ವಿಭಾಗಗಳೂ ಇದ್ದವು. ಅವುಗಳ ಮೇಲೆ ಕ್ರಮ ಬರಲಿಲ್ಲ.

ತಾವೇ ಕರೆಸಿದ ತಂಡದ ಮಾತು

ಕಾನೂನು ಜಾರಿಗೆ ಬರಬೇಕಿದ್ದದ್ದು 2010ರ ಡಿಸೆಂಬರ್ 31ಕ್ಕೆ. ಹಾರ್ನ್ ಅವರು ಹುದ್ದೆ ಬಿಟ್ಟು ರಾಜ್ಯದ ಅಟಾರ್ನಿ ಜನರಲ್ ಆಗಿ ಹೋಗುವುದರಲ್ಲಿದ್ದರು. ಹೋಗುವ ಮುಂಚೆ, ಡಿಸೆಂಬರ್ 30ರ ತಾರೀಖು ಹಾಕಿ, ಟೂಸಾನ್ ಕಾನೂನು ಮುರಿದಿದೆ ಎಂಬ ತೀರ್ಮಾನ ಬರೆದಿಟ್ಟರು. ಜಾರಿಗೇ ಬರದ ಕಾನೂನನ್ನು ಒಂದು ದಿನ ಮೊದಲೇ ಮುರಿದಾಯಿತು! ಈ ಒಂದು ದಿನ ಮುಂದೆ ಕೋರ್ಟಿನಲ್ಲಿ ಬಹಳ ಮಾತಾಡಿತು.

ಅವರ ಜಾಗಕ್ಕೆ ಬಂದವರು ಜಾನ್ ಹಪೆಂಥಾಲ್. ಅವರು ಹೊರಗಿನ ಒಂದು ಸಂಸ್ಥೆಯಿಂದ ತಪಾಸಣೆ ಮಾಡಿಸಿದರು. ಅದರ ಹೆಸರು ಕ್ಯಾಂಬಿಯಂ. ಅದರ ಜನ ತರಗತಿಗಳಿಗೆ ಹೋಗಿ ಕೂತರು, ಮಕ್ಕಳು, ಮೇಷ್ಟ್ರುಗಳ ಜೊತೆ ಮಾತಾಡಿದರು, ಪಾಠದ ಯೋಜನೆಗಳನ್ನು ಓದಿದರು. ಕಾನೂನು ಮುರಿದದ್ದಕ್ಕೆ ಕಣ್ಣಿಗೆ ಕಾಣುವ ಪುರಾವೆ ಇಲ್ಲ, ಪಾಠ ಮುಂದುವರಿಯಲಿ ಎಂದು 2011ರ ಮೇ ತಿಂಗಳಲ್ಲಿ ವರದಿ ಕೊಟ್ಟರು. ಅದೇ ವರದಿ ಕೆಲವು ಪಾಠಗಳಲ್ಲಿ ರಾಜಕೀಯದ ದನಿ, ಬರೆದವರ ಸ್ವಂತ ಒಲವು ಜಾಸ್ತಿ ಇದೆ ಎಂದೂ ಹೇಳಿತ್ತು. ಅದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ತಿದ್ದಬೇಕಾದ ಪಾಠ ಇತ್ತು. ತಿದ್ದಬೇಕಾದ ಪಾಠ ಯಾವ ವಿಷಯದಲ್ಲಿ ಇಲ್ಲ ಹೇಳಿ. ಗಣಿತದ ಪುಸ್ತಕದಲ್ಲಿ ತಪ್ಪಿದ್ದರೆ ಆ ಪುಟ ತಿದ್ದುತ್ತೇವೆ, ಗಣಿತ ನಿಲ್ಲಿಸುತ್ತೇವಾ?

ಹಪೆಂಥಾಲ್ ತಾವೇ ಕರೆಸಿದ ತಂಡದ ಮಾತನ್ನು ಒಪ್ಪಲಿಲ್ಲ. 2011ರ ಜೂನ್ 15ರಂದು, ಕಾನೂನು ಮುರಿದಿದೆ ಎಂದೇ ಘೋಷಿಸಿದರು. ಇಷ್ಟರಲ್ಲಿ ಊರಿನಲ್ಲಿ ಮಕ್ಕಳು ಬೀದಿಗೆ ಇಳಿದಿದ್ದರು. ಆ ಏಪ್ರಿಲ್ 26ರ ಶಾಲಾ ಮಂಡಳಿಯ ಸಭೆಯಲ್ಲಿ ಒಂಬತ್ತು ಜನ ವಿದ್ಯಾರ್ಥಿಗಳು ಸದಸ್ಯರ ಕುರ್ಚಿಗಳಿಗೆ ಚೈನಿನಿಂದ ತಮ್ಮನ್ನು ಬಿಗಿದುಕೊಂಡಿದ್ದರು. ಸಭೆ ನಡೆಯಲಿಲ್ಲ. ಶಾಲೆಗೆ ಚಕ್ಕರ್ ಹಾಕುವ ಮಕ್ಕಳನ್ನು ಕಂಡಿದ್ದೇವೆ. ಒಂದು ಪಾಠ ಬೇಕು ಎಂದು ಚೈನು ಕಟ್ಟಿಕೊಳ್ಳುವ ಮಕ್ಕಳು ಎಲ್ಲಿ ಸಿಗುತ್ತಾರೆ? ಆ ವಿಭಾಗಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿರಲಿಲ್ಲ ಅನ್ನಿಸುತ್ತದೆ ನನಗೆ.

ಮೇಲ್ಮನವಿ ಕೇಳಿದ ಆಡಳಿತ ನ್ಯಾಯಾಧೀಶರು ಡಿಸೆಂಬರ್‌ನಲ್ಲಿ ರಾಜ್ಯದ ಕಡೆಗೇ ತೀರ್ಪು ಕೊಟ್ಟರು. 2012ರ ಜನವರಿ 6ರಂದು ಹಪೆಂಥಾಲ್ ಹಣ ಕಡಿತಕ್ಕೆ ಆದೇಶ ಮಾಡಿದರು. ಜನವರಿ 10ರಂದು ಶಾಲಾ ಮಂಡಳಿ ನಾಲ್ಕು ಮತ ಪರ, ಒಂದು ಮತ ವಿರೋಧದಲ್ಲಿ ವಿಭಾಗವನ್ನು ಮುಚ್ಚಿತು. ಮಂಡಳಿಯ ಸದಸ್ಯರನ್ನು ಪೂರ್ತಿ ದೂರುವುದು ನನ್ನಿಂದ ಆಗುವುದಿಲ್ಲ. ಇಡೀ ಜಿಲ್ಲೆಯ ಮಕ್ಕಳ ಹಣದ ಹತ್ತರಲ್ಲೊಂದು ಪಾಲು ಹೋಗುತ್ತದೆ ಎಂದಾಗ ಯಾರಿಗಾದರೂ ಕೈ ನಡುಗುತ್ತದೆ. ಕಾನೂನು ಮಾಡಿದವರಿಗೂ ಅದು ಗೊತ್ತಿತ್ತು. ವರ್ಷದ ಮಧ್ಯದಲ್ಲಿ ತರಗತಿಗಳು ನಿಂತವು, ಮಕ್ಕಳನ್ನು ಬೇರೆ ಪಾಠಗಳಿಗೆ ಕಳಿಸಿದರು, ಏಳು ಪುಸ್ತಕ ಪೆಟ್ಟಿಗೆಗೆ ಹೋದವು. ಜನಾಂಗ, ದಬ್ಬಾಳಿಕೆಯ ಕೋನದಿಂದ ಆ ಶೇಕ್ಸ್‌ಪಿಯರ್ ನಾಟಕ ಕಲಿಸುವುದು ಬೇಡ ಎಂದು ಅಕೋಸ್ಟಾ ಅವರಿಗೆ ಸೂಚನೆ ಬಂತು. ವಿಭಾಗದ ನಿರ್ದೇಶಕ ಶಾನ್ ಆರ್ಸೆ ಅವರ ಕರಾರನ್ನು ಆ ವರ್ಷ ನವೀಕರಿಸಲಿಲ್ಲ.

ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಹ್ಯೂಸ್ಟನ್‌ನಿಂದ ಲೇಖಕ ಟೋನಿ ಡಿಯಾಸ್ ಮತ್ತು ಗೆಳೆಯರು ಇವೇ ಪುಸ್ತಕಗಳನ್ನು ಬಸ್ಸಿಗೆ ಹೇರಿಕೊಂಡು ಟೂಸಾನ್‌ಗೆ ಬಂದು ಹಂಚಿದರು. ಪುಸ್ತಕ ಕಳ್ಳಸಾಗಣೆದಾರರು ಎಂದು ತಮಗೆ ತಾವೇ ಹೆಸರಿಟ್ಟುಕೊಂಡಿದ್ದರು.

ಉದ್ದೇಶವನ್ನು ಕೋರ್ಟು ಹುಡುಕಿದ ಬಗೆ

ಕೇಸು 2010ರಲ್ಲೇ ಹಾಕಿದ್ದರು. ಮೊದಲು ಮೇಷ್ಟ್ರುಗಳು, ಆಮೇಲೆ ವಿದ್ಯಾರ್ಥಿಗಳು. 2013ರಲ್ಲಿ ಫೆಡರಲ್ ನ್ಯಾಯಾಧೀಶ ವಾಲೇಸ್ ತಶಿಮಾ ಕಾನೂನಿನ ಹೆಚ್ಚಿನ ಭಾಗವನ್ನು ಎತ್ತಿ ಹಿಡಿದರು. ಒಂದೇ ಜನಾಂಗದ ಮಕ್ಕಳಿಗಾಗಿ ಮಾಡಿದ ಪಾಠ ಎಂಬ ಮೂರನೇ ಷರತ್ತನ್ನು ಮಾತ್ರ ತೆಗೆದುಹಾಕಿದರು. 2015ರ ಜುಲೈನಲ್ಲಿ ಮೇಲಿನ ಕೋರ್ಟು, ಇಷ್ಟಕ್ಕೆ ಬಿಡಬೇಡಿ, ಇದರ ಹಿಂದೆ ಜನಾಂಗ ದ್ವೇಷ ಇತ್ತೇ ಎಂದು ಪೂರ್ತಿ ವಿಚಾರಣೆ ನಡೆಸಿ ಎಂದು ಕೇಸನ್ನು ವಾಪಸ್ ಕಳಿಸಿತು.

ಇದು ಸುಲಭದ ಕೆಲಸವಲ್ಲ. ಕಾನೂನಿನ ಅಕ್ಷರದಲ್ಲಿ ಯಾವ ಸಮುದಾಯದ ಹೆಸರೂ ಇಲ್ಲ. ಹಾಗಿದ್ದಾಗ ಮಾಡಿದವರ ಮನಸ್ಸಿನಲ್ಲಿ ಏನಿತ್ತು ಎಂದು ಹೇಗೆ ತಿಳಿಯುವುದು? ಅಮೆರಿಕದ ಸುಪ್ರೀಂ ಕೋರ್ಟು 1977ರಲ್ಲಿ ಇದಕ್ಕೊಂದು ದಾರಿ ತೋರಿಸಿತ್ತು. ಏಟು ಯಾರ ಮೇಲೆ ಬಿತ್ತು ನೋಡಿ. ಹಿಂದಿನ ಚರಿತ್ರೆ ನೋಡಿ. ಘಟನೆಗಳು ಯಾವ ಸಾಲಿನಲ್ಲಿ ನಡೆದವು ನೋಡಿ. ಮಾಮೂಲಿ ಪದ್ಧತಿ ಬಿಟ್ಟು ನಡೆದರೇ ನೋಡಿ. ಅವರು ಏನೇನು ಮಾತಾಡಿದರು ನೋಡಿ.

2017ರ ಬೇಸಿಗೆಯಲ್ಲಿ ಟೂಸಾನ್‌ನಲ್ಲೇ ವಿಚಾರಣೆ ನಡೆಯಿತು. ಮೇಲೆ ಹೇಳಿದ ಒಂದೊಂದು ಸಂಗತಿಯೂ ತೂಕಕ್ಕೆ ಬಂತು. ಒಂದೇ ವಿಭಾಗಕ್ಕೆ ಏಟು. ಜಾರಿಗೆ ಬರುವ ಮೊದಲೇ ತೀರ್ಮಾನ. ತಾವೇ ಕರೆಸಿದ ತಂಡದ ವರದಿ ಕಸಕ್ಕೆ. ಹಾರ್ನ್ ಅವರು ಆ ತರಗತಿಗಳಲ್ಲಿ ಒಂದನ್ನೂ ಕೂತು ನೋಡಿರಲಿಲ್ಲ. ಹಪೆಂಥಾಲ್ ನೋಡಿದ್ದು ಒಂದೇ ಒಂದು. ಎಲ್ಲಕ್ಕಿಂತ ಹೆಚ್ಚು ಮಾತಾಡಿದ್ದು ಇನ್ನೊಂದು ಸಂಗತಿ. ಹಪೆಂಥಾಲ್ ಅಧಿಕಾರದಲ್ಲಿದ್ದಾಗಲೇ ಸುಳ್ಳು ಹೆಸರಿನಲ್ಲಿ ಇಂಟರ್‌ನೆಟ್‌ನಲ್ಲಿ ಬರೆಯುತ್ತಿದ್ದರು. ಅದು 2014ರಲ್ಲಿ ಬಯಲಾಗಿತ್ತು. ಸ್ಪ್ಯಾನಿಷ್ ರೇಡಿಯೋ ಬೇಡ, ಸ್ಪ್ಯಾನಿಷ್ ಟಿವಿ ಬೇಡ, ಸ್ಪ್ಯಾನಿಷ್ ಪತ್ರಿಕೆ ಬೇಡ ಎಂದು ಬರೆದಿದ್ದರು. ಈ ಪಾಠವನ್ನು ಕಪ್ಪು ಜನರನ್ನು ಕೊಲ್ಲುತ್ತಿದ್ದ ಕು ಕ್ಲಕ್ಸ್ ಕ್ಲಾನ್‌ಗೆ ಹೋಲಿಸಿದ್ದರು. ಬಹಿರಂಗದಲ್ಲಿ ಎಲ್ಲ ಮಕ್ಕಳೂ ಸಮಾನ ಎಂಬ ವಾದ. ಮುಸುಕಿನೊಳಗೆ ಈ ಮಾತು.

2017ರ ಆಗಸ್ಟ್ 22ರಂದು ತಶಿಮಾ ತೀರ್ಪು ಕೊಟ್ಟರು. ಕಾನೂನು ಮಾಡಿದ್ದೂ, ಅದನ್ನು ಜಾರಿ ಮಾಡಿದ್ದೂ ಜನಾಂಗ ದ್ವೇಷದಿಂದಲೇ, ಜನರ ಭಯವನ್ನು ಬಳಸಿಕೊಂಡು ರಾಜಕೀಯ ಲಾಭ ಮಾಡಿಕೊಳ್ಳುವ ಉದ್ದೇಶ ಇದರಲ್ಲಿ ಇತ್ತು ಎಂದರು. ವಿದ್ಯಾರ್ಥಿಗಳ ಸಮಾನತೆಯ ಹಕ್ಕು, ವಿಚಾರಗಳನ್ನು ಓದಿ ತಿಳಿಯುವ ಹಕ್ಕು ಎರಡಕ್ಕೂ ಧಕ್ಕೆ ಆಗಿದೆ ಎಂದರು. ಡಿಸೆಂಬರ್ 27ರಂದು ಈ ಕಾನೂನನ್ನು ಇನ್ನು ಬಳಸುವಂತಿಲ್ಲ ಎಂದು ಶಾಶ್ವತ ತಡೆ ಕೊಟ್ಟರು. ನಾಲ್ಕು ವರ್ಷದ ಹಿಂದೆ ಇದೇ ಕಾನೂನಿನ ಹೆಚ್ಚಿನ ಭಾಗವನ್ನು ಉಳಿಸಿದ್ದ ನ್ಯಾಯಾಧೀಶರು ಇವರೇ ಎಂಬುದನ್ನು ಮರೆಯಬಾರದು. ಸಾಕ್ಷಿ ಕೇಳಿದ ಮೇಲೆ ಅವರ ತೀರ್ಮಾನ ಬದಲಾಯಿತು.

ತಶಿಮಾ ಜಪಾನಿ ಮೂಲದವರು. ಹುಟ್ಟಿದ್ದು 1934ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತನ್ನ ಜಪಾನಿ ಮೂಲದ ಪ್ರಜೆಗಳನ್ನು ಮುಳ್ಳುತಂತಿಯ ಶಿಬಿರಗಳಿಗೆ ಹಾಕಿದಾಗ ಅವರು ಪುಟ್ಟ ಹುಡುಗ. ಅವರ ಕುಟುಂಬವನ್ನು ಇಟ್ಟಿದ್ದು ಪೋಸ್ಟನ್ ಶಿಬಿರದಲ್ಲಿ. ಪೋಸ್ಟನ್ ಇರುವುದು ಅರಿಜೋನಾದಲ್ಲೇ, ಕೊಲರಾಡೋ ನದಿಯ ಮೂಲನಿವಾಸಿಗಳ ನೆಲದಲ್ಲಿ. ತೀರ್ಪಿಗೂ ಇದಕ್ಕೂ ಸಂಬಂಧ ಹಚ್ಚುವುದು ನನ್ನ ಉದ್ದೇಶವಲ್ಲ. ತೀರ್ಪು ನಿಂತದ್ದು ಸಾಕ್ಷಿಯ ಮೇಲೆ. ಆದರೆ ಆ ಶಿಬಿರಗಳ ಕಥೆ ಅಮೆರಿಕದ ಶಾಲೆಯ ಮಕ್ಕಳಿಗೆ ತಿಳಿಯಲಿ ಎಂದು ಹಟ ಹಿಡಿದು ಕಲಿಸಿದ್ದು ಇಂಥ ಪಾಠಗಳೇ.

ಇನ್ನೊಂದು ಊರಿನ ಲೆಕ್ಕ

ಆಗಲೇ ಎತ್ತಿದ ಪ್ರಶ್ನೆಗೆ ಬರುತ್ತೇನೆ. ಆಸಕ್ತಿ ಇರುವ ಮಕ್ಕಳೇ ಸೇರಿದ್ದರಿಂದ ಫಲ ಚೆನ್ನಾಗಿ ಬಂತೇ? ಸ್ಯಾನ್ ಫ್ರಾನ್ಸಿಸ್ಕೋದ ಕೆಲವು ಹೈಸ್ಕೂಲುಗಳಲ್ಲಿ ಒಂಬತ್ತನೇ ತರಗತಿಗೆ ಎಥ್ನಿಕ್ ಸ್ಟಡೀಸ್ ತಂದಾಗ ಒಂದು ನಿಯಮ ಮಾಡಿದ್ದರು. ನಾಲ್ಕಕ್ಕೆ ಎರಡಕ್ಕಿಂತ ಕಡಿಮೆ ಸರಾಸರಿ ಅಂಕ ಇರುವ ಮಕ್ಕಳನ್ನು ತಾವಾಗಿಯೇ ಸೇರಿಸುವುದು, ಬೇಡ ಎಂದವರು ಬಿಡಬಹುದು. ಎರಡಕ್ಕಿಂತ ಒಂದು ಕೂದಲೆಳೆ ಕೆಳಗಿರುವ ಮಗುವಿಗೂ ಒಂದು ಕೂದಲೆಳೆ ಮೇಲಿರುವ ಮಗುವಿಗೂ ಓದಿನಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ, ಅಲ್ವಾ? ಇಬ್ಬರನ್ನೂ ಹೋಲಿಸಿದರೆ ಪಾಠದ ಫಲ ಗೊತ್ತಾಗುತ್ತದೆ. ಥಾಮಸ್ ಡೀ ಮತ್ತು ಎಮಿಲಿ ಪೆನರ್ ಹೀಗೆ ಹೋಲಿಸಿ 2017ರಲ್ಲಿ ಪ್ರಕಟಿಸಿದರು. ಆ ಗೆರೆಯ ಹತ್ತಿರದ ಮಕ್ಕಳ ಹಾಜರಿ 21 ಶೇಕಡಾ ಅಂಶ ಏರಿತ್ತು. ಸರಾಸರಿ ಅಂಕ 1.4ರಷ್ಟು ಏರಿತ್ತು. ಬರೆದವರೇ ಎಚ್ಚರಿಕೆಯನ್ನೂ ಕೊಟ್ಟರು. ಇದು ಪ್ರಾಯೋಗಿಕ ಹಂತ, ಚೆನ್ನಾಗಿ ತಯಾರಾದ ಮೇಷ್ಟ್ರುಗಳು ಕಲಿಸಿದ್ದು, ಎಲ್ಲ ಕಡೆ ಹೀಗೇ ಆಗುತ್ತದೆ ಎಂದು ಭಾವಿಸಬೇಡಿ ಎಂದರು. ಮಕ್ಕಳ ಸಂಖ್ಯೆ ಚಿಕ್ಕದು ಎಂದು ಬೇರೆ ಪಂಡಿತರು ಆಕ್ಷೇಪ ಎತ್ತಿದ್ದಾರೆ. ಆಕ್ಷೇಪವನ್ನು ಒಪ್ಪಿದರೂ ನನಗೆ ಹಾಜರಿಯ ಸಂಗತಿ ಮನಸ್ಸಿಗೆ ಅಂಟಿಕೊಂಡಿದೆ. ಒಂದು ಪಾಠದ ಸಲುವಾಗಿ ಮಗು ಶಾಲೆಗೆ ಬರಲು ಶುರು ಮಾಡಿದರೆ ಉಳಿದ ಪಾಠಗಳಿಗೂ ಅದು ಬಂದು ಕೂತಂತೆ.

ಮುಚ್ಚಿದ್ದರಿಂದ ಇದು ಬೇರೆ ಕಡೆ ಹರಡಿತು. ಲಾಸ್ ಏಂಜಲೀಸ್ ಪಕ್ಕದ ಪೀಕೋ ರಿವೇರಾದ ಶಾಲಾ ಜಿಲ್ಲೆ 2014ರಲ್ಲಿ ಇದನ್ನು ಕಡ್ಡಾಯ ಮಾಡಿತು. 2021ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾ ಇಡೀ ರಾಜ್ಯದ ಹೈಸ್ಕೂಲುಗಳಿಗೆ ಕಾನೂನು ತಂದಿತು, ಆದರೆ ಹಣ ಕೊಟ್ಟರೆ ಮಾತ್ರ ಜಾರಿ ಎಂಬ ಷರತ್ತಿನೊಂದಿಗೆ. 2025ರ ಬಜೆಟ್‌ನಲ್ಲಿ ಆ ಹಣ ಬರಲಿಲ್ಲ. ಯಾವ ಸಮುದಾಯವನ್ನು ಹೇಗೆ ಕಲಿಸಬೇಕು ಎಂಬ ಜಗಳವೂ ಅಲ್ಲಿ ಮುಗಿದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕನ್ನಡದ ಮನೆಗಳು ಬಹಳ ಇವೆ. ಆ ಮನೆಗಳ ಅಪ್ಪ ಅಮ್ಮಂದಿರು ಈ ಚರ್ಚೆಯಲ್ಲಿ ಕೂರಬೇಕು ಎಂದು ನನ್ನ ಕೋರಿಕೆ. ಹಿಂದೂ ಹಬ್ಬದ ಒಂದು ಫೋಟೋ ಪುಸ್ತಕದಲ್ಲಿ ಬಂತೇ ಎಂದು ನೋಡಿ ಸುಮ್ನೆ ಎದ್ದು ಬರಬಾರದು. ಪಕ್ಕದ ಬೆಂಚಿನ ಮೆಕ್ಸಿಕನ್ ಮಗುವಿನ ಅಜ್ಜಿಯ ಕಥೆ ಬಂತೇ ಎಂದೂ ಕೇಳಬೇಕು.

ಟೂಸಾನ್‌ನಲ್ಲಿ ಹಳೆಯ ವಿಭಾಗ ಅದೇ ರೂಪದಲ್ಲಿ ವಾಪಸ್ ಬರಲಿಲ್ಲ. ಮಕ್ಕಳನ್ನು ಬೇರೆ ಮಾಡಿ ಇಟ್ಟದ್ದರ ಬಗ್ಗೆ 1974ರಲ್ಲಿ ಹಾಕಿದ್ದ ಹಳೆಯ ಕೇಸಿನ ಆದೇಶದ ಕೆಳಗೆ 2013ರಿಂದ ಮೆಕ್ಸಿಕನ್ ಅಮೆರಿಕನ್ ಮತ್ತು ಆಫ್ರಿಕನ್ ಅಮೆರಿಕನ್ ನೋಟದ ಹೊಸ ತರಗತಿಗಳು ಶುರುವಾದವು. 2013ರ ಅಕ್ಟೋಬರ್‌ನಲ್ಲಿ ಹೊಸ ಮಂಡಳಿ ಮೂರು ಮತ ಪರ, ಎರಡು ಮತ ವಿರೋಧದಲ್ಲಿ ಆ ಏಳು ಪುಸ್ತಕಗಳನ್ನು ಪೂರಕ ಓದಿಗೆ ಬಳಸಬಹುದು ಎಂದಿತು. ಹಪೆಂಥಾಲ್ 2015ರ ಜನವರಿಯಲ್ಲಿ ಹುದ್ದೆ ಬಿಡುವ ಹೊತ್ತಿಗೆ ಈ ಹೊಸ ತರಗತಿಗಳ ಮೇಲೂ ನೋಟಿಸು ಕೊಟ್ಟು ಹೋದರು. ಹಾರ್ನ್ 2022ರ ಚುನಾವಣೆ ಗೆದ್ದು ಮತ್ತೆ ಅದೇ ಶಿಕ್ಷಣ ಹುದ್ದೆಗೆ ಬಂದರು.

2012ರ ಜನವರಿಯಲ್ಲಿ ಮಂಡಳಿ ಒಂದೇ ಸಂಜೆಯ ಸಭೆಯಲ್ಲಿ ಬಾಗಿಲು ಹಾಕಿತು. ಅದು ತಪ್ಪು ಎಂದು ಕೋರ್ಟು ಹೇಳುವಷ್ಟರಲ್ಲಿ ಐದು ವರ್ಷ ಏಳು ತಿಂಗಳು ಆಗಿತ್ತು. ಬಾಗಿಲು ಹಾಕಿದಾಗ ಒಂಬತ್ತನೇ ತರಗತಿಯಲ್ಲಿ ಕೂತು, ಇನ್ನೆರಡು ವರ್ಷಕ್ಕೆ ನಾನೂ ಆ ಪಾಠಕ್ಕೆ ಸೇರುತ್ತೇನೆ ಎಂದುಕೊಂಡಿದ್ದ ಮಕ್ಕಳು ಅಷ್ಟರಲ್ಲಿ ಹೈಸ್ಕೂಲು ದಾಟಿ ಎರಡು ವರ್ಷ ಕಳೆದಿತ್ತು.